ಗುಜರಿ ಕಾರಿನ ಸೆನ್ಸರ್

ನಟ್ಟು ಬಿಚ್ಚುವ ಪಾನಾ ಒಮ್ಮೆ ಜಾರಿತು. ಎರಡನೇ ಸಲ ಎರಡೂ ಕೈ ಹಾಕಿ ಎಳೆದೆ. ಸೈಲೆನ್ಸರ್ ಪೈಪಿನಿಂದ ಸೆನ್ಸರ್ ಕಿರ್ ಎಂದು ತಿರುಗಿತು. ಅದೇ ಹೊತ್ತಿಗೆ ಮೇಲಿನಿಂದ ಏನೋ ಪುಡಿ ಮುಖದ ಮೇಲೆ ಬಿತ್ತು. ತುಕ್ಕು ಎಂದುಕೊಂಡೆ. ಕಾರಿನ ಕೆಳಗಿನಿಂದ ಹೊರಗೆ ಬಂದು ಮುಖ ಒರೆಸಿದರೆ ಕೈಯೆಲ್ಲ ಹಳದಿ. ಅರಿಶಿನ.

ಪುಣೆ ಕಡೆ ಕಾರಿನೊಳಗೆ ಅಷ್ಟು ಅರಿಶಿನ ಇದೆ ಅಂದರೆ ಅದು ಜೇಜುರಿಗೆ ಹೋಗಿ ಬಂದ ಕಾರು. ಅಲ್ಲಿ ಖಂಡೋಬನಿಗೆ ಎರಚುವ ಅರಿಶಿನವೇ ಭಂಡಾರ. ನಾವು ಅವನನ್ನು ಮೈಲಾರಲಿಂಗ ಅನ್ನುತ್ತೇವೆ, ನಮ್ಮ ಮನೆದೇವರು. ಬಿದ್ದದ್ದನ್ನು ಒರೆಸಿ ಎಸೆಯಬಾರದು ಎಂದು ಹಣೆಗೆ ಹಚ್ಚಿಕೊಂಡೆ. ಆಮೇಲೆ ಒಳಗೆ ಬಗ್ಗಿ ನೋಡಿದೆ. ನೋಡಬಾರದಿತ್ತು.

ಕಾರಿನ ಮುಂಭಾಗ ಸ್ಟೇರಿಂಗ್‌ವರೆಗೂ ಒಳಗೆ ನುಗ್ಗಿತ್ತು. ನೆಲ ಒಂದು ಕಡೆ ತೂತಾಗಿತ್ತು, ಪುಡಿ ಬಿದ್ದದ್ದು ಅಲ್ಲಿಂದ. ಡ್ರೈವರ್ ಸೀಟಿನ ಹಿಂದಿನ ಮಗ್ಗುಲಿಗೆ ಎರಡು ಹಳದಿ ಗುರುತು. ಹಿಂದಿನ ಸೀಟಿನಲ್ಲಿ ಕುಳಿತ ಮಗು ಮುಂದಿನ ಸೀಟನ್ನು ಒದ್ದರೆ ಮೂಡುವ ಗುರುತು. ನನ್ನ ಅಂಗೈಗಿಂತ ಸಣ್ಣವು.

ಈ ಗಾಡಿ ಇಲ್ಲಿಗೆ ಹೇಗೆ ಬಂತು ಎಂದು ಗುಜರಿಯವನನ್ನು ಕೇಳಿದೆ. ಅವನು ಮರಾಠಿಯಲ್ಲಿ ಇಷ್ಟೇ ಹೇಳಿದ: "ಕಿಲೋಮೀಟರ್ ಕೇಳು, ಹೇಳ್ತೀನಿ. ಕಥೆ ಕೇಳಬೇಡ." ಎರಡನೇ ಸಲ ಕೇಳಬಹುದಿತ್ತು. ಕೇಳಲಿಲ್ಲ.

ಸೈಲೆನ್ಸರಿನ ಹೊಗೆ ನೋಡಿ ಪೆಟ್ರೋಲಿನ ಹದ ಹೇಳುವ ಆ ಸೆನ್ಸರ್ ನನಗೆ ಬೇಕಿದ್ದದ್ದು ಅಕ್ಕನ ಕಾರಿಗೆ. ಅಕ್ಕ ಮತ್ತು ಅವಳ ಗಂಡ, ನಮ್ಮ ಮಾಮಾ, ಇರುವುದು ಪುಣೆಯಿಂದ ಆಚೆ ದೌಂಡದಲ್ಲಿ. ಮಾಮಾ ರೈಲ್ವೆಯಲ್ಲಿದ್ದಾನೆ. ಕಾರು ಹಳೆಯದು, ಆ ಮಾಡೆಲ್ ಈಗ ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ದೀಪ ಹತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ನೇ ಆಫ್ ಆಗುತ್ತಿತ್ತು, ಪೆಟ್ರೋಲ್ ಕುಡಿಯುತ್ತಿತ್ತು. ನಾನು ಪುಣೆಯ ಕೋಥರೂಡಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ದೌಂಡದಲ್ಲೇ ಬೇಕಾದಷ್ಟು ಮಿಸ್ತ್ರಿಗಳಿದ್ದರೂ ಅಕ್ಕ ಆ ಕಾರಿಗೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಕೈ ಹಾಕಲು ಬಿಟ್ಟವಳಲ್ಲ. ಆ ಭಾನುವಾರ ಜೇಜುರಿಯಲ್ಲಿ ಅಕ್ಕನ ಕೂಸಿನ ಜವಳ ಇತ್ತು, ಮೊದಲ ಸಲ ಕೂದಲು ತೆಗೆಸುವುದು. ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸಬೇಕು. ಅಂದರೆ ನನ್ನ ತೊಡೆ. ಅದಕ್ಕೇ ಗುರುವಾರ ಮಾಮಾ ಕಾರು ತಂದು ಬಿಟ್ಟು ರೈಲಿಗೆ ವಾಪಸ್ ಹೋಗಿದ್ದ.

ಕಂಪನಿಯ ಸೆನ್ಸರ್ ತರಿಸಿದರೆ ಹದಿನೈದು ದಿನ. ಲೋಕಲ್ ಮಾಲು ಅಂಗಡಿಯಲ್ಲಿತ್ತು. ಅದನ್ನು ಹಾಕಿ ಕಳಿಸಿದ ಗಾಡಿಗಳು ತಿಂಗಳಿಗೆ ಮತ್ತೆ ದೀಪ ಹತ್ತಿಸಿಕೊಂಡು ಬಂದದ್ದನ್ನು ನೋಡಿದ್ದೇನೆ. ಯಾವ ಗಾಡಿಗೂ ಆಗುತ್ತದೆ ಅನ್ನುವ ಇನ್ನೊಂದು ಸಿಗುತ್ತದೆ. ಅದಕ್ಕೆ ಪ್ಲಗ್ ಇರುವುದಿಲ್ಲ, ನಾಲ್ಕು ವಯರ್ ಕತ್ತರಿಸಿ ಹಳೆ ಪ್ಲಗ್ಗಿಗೆ ಜೋಡಿಸಬೇಕು, ವಯರ್‌ಗಳ ಬಣ್ಣವೂ ಹೊಂದುವುದಿಲ್ಲ. ಸೈಲೆನ್ಸರ್ ಕಾವಿಗೆ ಆ ಜೋಡಣೆ ಎಷ್ಟು ದಿನ ತಾಳುತ್ತದೋ ದೇವರೇ ಬಲ್ಲ. ನಮ್ಮ ಗ್ಯಾರೇಜಿನ ಉಸ್ತಾದ ಹೇಳಿದ್ದು, ಅದೇ ಮಾಡೆಲ್ ಗುಜರಿಯಲ್ಲಿ ಹುಡುಕು, ಕಡಿಮೆ ಓಡಿದ್ದು ನೋಡು, ತುದಿ ಮಸಿ ಹಿಡಿದಿದ್ದರೆ ಬಿಡು, ತಿಳಿ ಬೂದಿ ಬಣ್ಣ ಇದ್ದರೆ ತಾ.

ಇದರ ತುದಿ ತಿಳಿ ಬೂದಿ ಬಣ್ಣವೇ. ತಿರುಪಿನ ಥ್ರೆಡ್ ಹೊಸದರ ಹಾಗಿತ್ತು. ಪ್ಲಗ್ ಟಕ್ ಎಂದು ಕೂಡುತ್ತಿತ್ತು. ಕೆಲಸದ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ. ತಂದೆ, ಹಾಕಿದೆ.

ಶನಿವಾರ ಟ್ರಯಲ್ ತೆಗೆದುಕೊಂಡೆ. ದೀಪ ಆರಿತ್ತು. ಸಿಗ್ನಲ್‌ನಲ್ಲಿ ಇಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತು ಅಂದರೆ ಬಂದಾಯಿತೇನೋ ಎಂದು ಎರಡು ಸಲ ಮೀಟರಿನ ಮುಳ್ಳು ನೋಡಿದೆ. ಆಗ ಬೆನ್ನಿಗೆ ಏನೋ ತಾಗಿತು. ಸಣ್ಣಗೆ, ಎರಡು ಸಲ.

ಹಳೆ ಸೀಟು, ಸ್ಪ್ರಿಂಗ್ ಇರಬಹುದು. ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ. ಸಿಗ್ನಲ್ ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆದರು. ಮುಂದೆ ಹೋಗಿ ಪಕ್ಕಕ್ಕೆ ಹಾಕಿ ಇಳಿದು ನಿಂತೆ. ಸೀಟಿನ ಹಿಂದೆ ಕೈ ಹಾಕಿ ಒತ್ತಿ ನೋಡಿದೆ. ಸ್ಪ್ರಿಂಗ್ ಸರಿಯಾಗೇ ಇತ್ತು. ಈಗಲೂ ಯಾವ ಗಾಡಿಯ ಟ್ರಯಲ್‌ಗೆ ಹೋದರೂ ನಾನು ಬೆನ್ನು ಒರಗಿಸಿ ಕೂರುವುದಿಲ್ಲ. ಉಸ್ತಾದ ನಗುತ್ತಾನೆ.

ಸಂಜೆ ಮಾಮಾ ಬಂದ. ಈಗಲೇ ಬಾ, ರಾತ್ರಿ ಮನೆಯಲ್ಲಿ ಉಂಡು ನಾಳೆ ಎಲ್ಲರೂ ಕೂಡಿ ಹೋಗೋಣ ಎಂದ. ಗ್ಯಾರೇಜಿನಲ್ಲಿ ಕೆಲಸ ಇದೆ, ಬಸ್ಸಿಗೆ ಬರುತ್ತೇನೆ ಎಂದೆ. ಕೆಲಸ ಇರಲಿಲ್ಲ. ಕೀಲಿ ಕೊಟ್ಟೆ. ಅವನು ಹೋದ.

ಭಾನುವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಫೋನ್ ಕೈಯಲ್ಲೇ ಇತ್ತು. ಮೂರು ಸಲ ಅಕ್ಕನಿಗೆ ಹಚ್ಚಿದೆ. ಎಲ್ಲಿದ್ದೀರಿ ಎಂದು ಕೇಳಿದೆ. ಮೂರನೇ ಸಲ ಅಕ್ಕನಿಗೆ ಸಿಟ್ಟು ಬಂತು: "ನಿನಗೇನಾಗೇದ ಇವತ್ತ? ಬರಾಕತ್ತೀವಿ."

ಅವರು ಬಂದರು. ಕೂಸು ನನ್ನ ತೊಡೆಯ ಮೇಲೆ ಕುಳಿತು ಅತ್ತಿತು, ತಲೆ ಬೋಳಾಯಿತು, ಅಕ್ಕ ನಕ್ಕಳು. ಬೆಟ್ಟ ಹತ್ತಿ ದರ್ಶನ ಮಾಡಿ ಇಳಿದೆವು. ಎಲ್ಲ ಸರಿಯಾಗೇ ಆಯಿತು. ಕೆಳಗೆ ಕಾರಿನ ಹತ್ತಿರ ಬಂದಾಗ ಮಾಮಾ ನನಗೆಂದು ಬಾಗಿಲು ತೆಗೆದು ಹಿಡಿದ. ದೌಂಡಕ್ಕೆ ಹೋಗಿ ಹೋಳಿಗೆ ಊಟ ಮಾಡುವುದಿತ್ತು. ನಾನು ಬಸ್ಸಿಗೆ ಬರುತ್ತೇನೆ ಎಂದೆ.

ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. "ಗಾಡ್ಯಾಗ ಜಾಗ ಅದ. ನೀ ಯಾಕ ಬಸ್ಸಿಗೆ ಬರ್ತಿ?"

ಅವಳಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಗುಜರಿ, ಭಂಡಾರ, ಸೀಟಿನ ಹಿಂದಿನ ಗುರುತು ಎಲ್ಲ ಹೇಳಿಬಿಟ್ಟೆ. ಬೆನ್ನಿಗೆ ತಾಗಿದ್ದನ್ನು ಮಾತ್ರ ಹೇಳಲಿಲ್ಲ.

ಮಾಮಾ ನಕ್ಕ. "ಕಬ್ಬಿಣಕ್ಕ ದೆವ್ವ ಹಿಡೀತದೇನೋ, ಹುಚ್ಚಪ್ಪ. ಆ ಮಂದಿ ಮನಿಯಾಗ ಆರಾಮ ಚಹಾ ಕುಡ್ಯಾಕತ್ತಿರಬೇಕು."

ಇರಬಹುದು. ಆ ಕಾರಿನಲ್ಲಿ ಯಾರಿಗೆ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ನಗಲಿಲ್ಲ. ದನಿಯನ್ನೂ ಎತ್ತಲಿಲ್ಲ. "ಏನೂ ಇಲ್ಲಂತ ತಿಳ್ಕೊಂಡಿದ್ರ ನೀನೂ ಕುಂದರತಿದ್ದಿ. ಏನರ ಅದ ಅಂತ ತಿಳ್ಕೊಂಡಿದ್ರ ಕೂಸಿನ್ನ ಕುಂದರಸ್ತಿದ್ದಿಲ್ಲ. ನೀ ಕುಂದರಲಿಲ್ಲ, ಕೂಸಿನ್ನ ಕುಂದರಿಸಿದಿ."

ಸೆನ್ಸರಿನ ತುದಿ ಒಳ್ಳೆಯದಿತ್ತು, ಪ್ಲಗ್ ಸರಿಯಾಗಿ ಕೂತಿತ್ತು ಎಂದೆ. ಅವಳು ಕೂಸನ್ನು ಎತ್ತಿಕೊಂಡು ಕಾರು ಹತ್ತಿದಳು. ನಾನೂ ಹತ್ತಬಹುದಿತ್ತು. ಬಾಗಿಲು ಇನ್ನೂ ತೆರೆದೇ ಇತ್ತು. ಹತ್ತಲಿಲ್ಲ. ಮಾಮಾ ಬಾಗಿಲು ಹಾಕಿದ.

ದೌಂಡಕ್ಕೆ ಹೋಗಲಿಲ್ಲ, ಪುಣೆಗೆ ಬಂದೆ. ಎರಡು ತಾಸು ಬಿಟ್ಟು ಫೋನ್ ಹಚ್ಚಿದಾಗ ಅಕ್ಕ ಮನೆ ಮುಟ್ಟಿದೆವು ಎಂದಷ್ಟೇ ಹೇಳಿ ಇಟ್ಟಳು.

ಮರುದಿನವೇ ಕಂಪನಿಯ ಸೆನ್ಸರ್‌ಗೆ ಆರ್ಡರ್ ಹಾಕಿದೆ. ಹದಿನೈದು ದಿನಕ್ಕೆ ಬಂತು. ಸೀಲ್ ಒಡೆಯದೆ ಅಕ್ಕನಿಗೆ ಫೋನ್ ಮಾಡಿ, ಗಾಡಿ ಕಳಿಸು, ಹೊಸದು ಬಂದಿದೆ ಎಂದೆ.

"ಇಲ್ಲೇ ದೌಂಡದಾಗ ಬದಲಿ ಮಾಡಿಸೀವಿ" ಎಂದಳು.

ಯಾವುದು ಹಾಕಿದರು, ಲೋಕಲ್ ಮಾಲೋ, ವಯರ್ ಜೋಡಿಸಿದ್ದೋ ಎಂದು ಕೇಳಿದೆ. ಅದನ್ನು ತಿಳಿದು ನೀನೇನು ಮಾಡುತ್ತಿ ಎಂದಳು. ಊಟ ಆಯಿತಾ ಎಂದು ಕೇಳಿದಳು. ಆಯಿತು ಎಂದೆ.

ಅದಾದ ಮೇಲೆ ಆ ಕಾರು ನಮ್ಮ ಗ್ಯಾರೇಜಿಗೆ ಬಂದಿಲ್ಲ. ಹೇಳುವುದು ಇಷ್ಟೇ, ಇನ್ನೇನೂ ಇಲ್ಲ.