ಎರಡು ಫೇಸಿನ ಮನೆ

ಕೂಡ್ಲಿಗಿಯ ಪಕ್ಕೀರಪ್ಪನಿಗೆ ಇದ್ದ ಹೆಮ್ಮೆ ಒಂದೇ, ಆದರೆ ಅದೇನು ಸಣ್ಣದಲ್ಲ. ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದ ಈ ಮನುಷ್ಯ ತನ್ನ ಮನೆಯ ವೈರಿಂಗನ್ನು ಬೇರೆಯವರ ಕೈಗೆ ಕೊಟ್ಟವನಲ್ಲ. ಮೂರು ಫೇಸಿನ ಮೀಟರ್ ಹಾಕಿಸಿ, ಕೆಳಗಿನ ಮನೆಯನ್ನು ಒಂದು ಫೇಸಿಗೂ ಮೇಲಿನ ಕೋಣೆಯನ್ನು ಇನ್ನೊಂದು ಫೇಸಿಗೂ ಕೊಟ್ಟಿದ್ದ. ಒಂದು ಫೇಸ್ ಹೋಗಿ ಓಣಿಯವರು ಮೇಣದ ಬತ್ತಿ ಹುಡುಕುವಾಗ ಇವನ ಮನೆಯಲ್ಲಿ ಅರ್ಧವಾದರೂ ಬೆಳಕಿರುತ್ತಿತ್ತು. ನೆಂಟರು ಬಂದರೆ ಕಾಲಿಗೆ ನೀರು ಕೊಡುವುದಕ್ಕೂ ಮೊದಲು ಈ ಪುರಾಣ ಶುರುವಾಗುತ್ತಿತ್ತು. ಹೆಂಡತಿ ಹುಲುಗಮ್ಮ ತಂಬಿಗೆ ಹಿಡಿದು, ಮಾತು ಮುಗಿಯಲಿ ಎಂದು ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅವನ ಸೊಸೆ ಸಮತಾ ಗಣಿತದಲ್ಲಿ ಎಂಎಸ್ಸಿ ಮಾಡಿದವಳು. ಮಗ ಭೀಮರಾಜ ಹಡಗಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸಕ್ಕೆ ಸಮತಾ ಅರ್ಜಿ ಹಾಕಿದ್ದಳು. ಸೋಮವಾರ ಮಧ್ಯಾಹ್ನ ಒಂದು ಪರೀಕ್ಷೆಯ ಪಾಠ ಮಾಡಿ ತೋರಿಸಬೇಕಿತ್ತು. ಪಾಠದ ನಡುವೆ ನೆಟ್ ಕಡಿದರೆ ಕೆಲಸವೂ ಕಡಿದಂತೆಯೇ. ಆಗ ಅವಳಿಗೆ ಉಳಿಯುವುದು ಹೊಸಪೇಟೆಯ ಕಾಲೇಜಿನ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ, ಮೊಲೆ ಬಿಡದ ಕೂಸನ್ನು ಇಲ್ಲಿ ಬಿಟ್ಟು ಹೋಗಲಾಗದು. ಅಲ್ಲೇ ಮನೆ ಮಾಡಿದರೆ ಕೂಸೂ ಅವಳ ಜೊತೆ ಹೋಗುತ್ತದೆ. ಇದನ್ನು ನೆನೆದರೆ ಪಕ್ಕೀರಪ್ಪನಿಗೆ ಊಟ ಸೇರುತ್ತಿರಲಿಲ್ಲ. ಆ ಕೂಸು ಅಜ್ಜನ ಎದೆಯ ಮೇಲಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ, ಅಜ್ಜನಿಗೂ ಅದೇ ಬೇಕಾಗಿತ್ತು.

ಪಾಠಕ್ಕೆ ಸದ್ದಿಲ್ಲದ ಜಾಗವೆಂದರೆ ಮೇಲಿನ ಕೋಣೆ. ವೈಫೈ ಪೆಟ್ಟಿಗೆ ಇದ್ದದ್ದು ಕೆಳಗೆ, ಪಡಸಾಲೆಯಲ್ಲಿ. ಆ ಕಲ್ಲು ಗೋಡೆಗಳ ನಡುವೆ ಸಿಗ್ನಲ್ ಮೆಟ್ಟಿಲ ತಿರುವಿನವರೆಗೆ ಏದುಸಿರು ಬಿಡುತ್ತ ಬಂದು ಅಲ್ಲೇ ಕೂತುಬಿಡುತ್ತಿತ್ತು. ಗೋಡೆ ಕೊರೆದು ಕೇಬಲ್ ಎಳೆಸೋಣವೆಂದು ಭೀಮರಾಜ ಫೋನಿನಲ್ಲಿ ಹೇಳಿದ. ತನ್ನ ಗೋಡೆಗೆ ಡ್ರಿಲ್ ಹಚ್ಚುವವನು ಇನ್ನೂ ಹುಟ್ಟಿಲ್ಲ ಎಂದ ಪಕ್ಕೀರಪ್ಪ. ಮೆಟ್ಟಿಲ ತಿರುವಿನಲ್ಲಿ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ ಇಟ್ಟು ನೋಡಿದರು. ಅದೋ, ಅರೆಹೊಟ್ಟೆಯವನು ಹಸಿದವನಿಗೆ ಬಡಿಸಿದ ಹಾಗಾಯಿತು. ಕೊನೆಗೆ ಸಮತಾ ಪವರ್‌ಲೈನ್ ಅಡಾಪ್ಟರ್ ಎಂಬುದೊಂದನ್ನು ಹುಡುಕಿ ತೆಗೆದಳು. ಕೆಳಗಿನ ಪ್ಲಗ್ಗಿಗೆ ಒಂದು, ಮೇಲಿನದಕ್ಕೆ ಒಂದು ಸಿಕ್ಕಿಸಿದರೆ ಗೋಡೆಯೊಳಗಿನ ಕರೆಂಟಿನ ವೈರಿನಲ್ಲೇ ನೆಟ್ ಹರಿಯುತ್ತದಂತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇಲ್ಲಿ ಮದ್ದಾಗಲು ಹೊರಟಿದ್ದು ತಾನೇ ಎಳೆದ ವೈರು! ಪಕ್ಕೀರಪ್ಪ ಹಿಗ್ಗಿ ಹೀರೇಕಾಯಿಯಾದ.

ಮರುದಿನವೇ ಕೊಟ್ಟೂರಿನ ಬಸ್ಸು ಹತ್ತಿ, ಹಳೆಯ ಗೆಳೆಯ ಉಸ್ಮಾನ್ ಸಾಬನ ಎಲೆಕ್ಟ್ರಿಕ್ ಅಂಗಡಿಗೆ ಹೋದ. ಉಸ್ಮಾನ್ ಸಾಬ್ ಎರಡು ಮೂರು ನಮೂನೆ ತೆಗೆದಿಟ್ಟ. ಪಕ್ಕೀರಪ್ಪನ ಕೈ ವೇಗದ ದೊಡ್ಡ ಅಂಕಿ ಬರೆದ ಡಬ್ಬಿಗೆ ಹೋಯಿತು.

"ಡಬ್ಬಿ ಮ್ಯಾಲಿನ ಅಂಕಿ ನಂಬಬ್ಯಾಡಣ್ಣ. ನಿನ್ನ ವೈರು ಹೆಂಗೈತಿ, ಹಂಗ ಓಡ್ತೈತಿ" ಎಂದ ಉಸ್ಮಾನ್ ಸಾಬ್.

ಪ್ಲಗ್ ಪಾಯಿಂಟ್ ವ್ಯರ್ಥವಾಗದಿರಲೆಂದು, ಮೈಮೇಲೆಯೇ ಇನ್ನೊಂದು ಸಾಕೆಟ್ ಇದ್ದ ಜೋಡಿಯನ್ನು ಅವನೇ ಆರಿಸಿ ಕೊಟ್ಟ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕದೆ ನೇರವಾಗಿ ಗೋಡೆಗೇ ಹಾಕಬೇಕೆಂದ. ಎರಡೂ ಒಂದೇ ಫೇಸಿನಲ್ಲಿ ಇರಬೇಕು ಎಂದೂ ಹೇಳಲು ಬಾಯಿ ತೆರೆದಿದ್ದ. ಆದರೆ ವೈರಿಂಗಿನ ವಿಚಾರವನ್ನು ಲೈನ್‌ಮನ್‌ಗೇ ಹೇಳಿಕೊಡುತ್ತೀಯಾ ಎಂದು ಪಕ್ಕೀರಪ್ಪ ಅರ್ಧಕ್ಕೇ ತಡೆದು, ಚಹಾ ಕುಡಿದು ಎದ್ದು ಬಂದ.

ಭಾನುವಾರ ಅವನ್ನು ಸಿಕ್ಕಿಸಿದ. ಕೆಳಗಿನದರ ದೀಪ ಹಸಿರು ತೋರಿಸಿತು, ಮೇಲಿನದು ಕೆಂಪು, ಅಂದರೆ ನೆಟ್ ಮೇಲಕ್ಕೆ ಹತ್ತಿಲ್ಲ. ಗುಂಡಿ ಒತ್ತಿದ, ಕಿತ್ತು ಮತ್ತೆ ಹಾಕಿದ, ಪ್ಲಗ್ ಬದಲಿಸಿದ, ಆದರೂ ಕೆಂಪೇ. ಮೇಲಿನದನ್ನು ಕೆಳಗೆ ತಂದು ಅಡುಗೆಮನೆಯಲ್ಲಿ ಹಾಕಿದರೆ ಹಸಿರು. ಆಗ ಹೊಳೆಯಿತು. ಕೆಳಗೊಂದು ಫೇಸ್, ಮೇಲೊಂದು ಫೇಸ್. ಇಷ್ಟು ವರ್ಷ ಓಣಿಗೆಲ್ಲ ಸಾರಿದ ಜಾಣತನವೇ ಈಗ ಸೊಸೆಗೆ ಅಡ್ಡ ನಿಂತಿತ್ತು.

ಬೋರ್ಡಿನಲ್ಲಿ ಒಂದು ವೈರು ಬದಲಿಸಿದರೆ ಮುಗಿಯಿತು. ಮೀಟರ್ ಪಕ್ಕದ ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಿಡಿದು ನಿಂತ. ಕೈ ಮುಂದೆ ಹೋಗಲಿಲ್ಲ. ಬಿಡ್ರಿ ಮಾವ, ಹೊಸಪೇಟೆಯದ್ದೇ ನೋಡೋಣ ಎಂದು ಸಮತಾ ಮೆಲ್ಲಗೆ ಹೇಳಿದಳು. ಪಕ್ಕೀರಪ್ಪ ಬೋರ್ಡಿನ ಮೇಲಿನ ದೂಳು ಒರೆಸತೊಡಗಿದ. ಮುದುಕನ ಜಂಬ ಎಂದುಕೊಂಡು ಅವಳು ಒಳಗೆ ಹೋದಳು.

ಜಂಬವಲ್ಲ ಎಂದು ಗೊತ್ತಿದ್ದವಳು ಹುಲುಗಮ್ಮ ಒಬ್ಬಳೇ. ಮದುವೆಯಾದ ಹೊಸದರಲ್ಲಿ ಪಕ್ಕೀರಪ್ಪನಿಗೆ ಗುಡೇಕೋಟೆ ಕಡೆ ಡ್ಯೂಟಿ. ಗಾಳಿ ಮಳೆ ಬಂದಾಗ ಊರಿನ ಗಂಡಸರೆಲ್ಲ ಮನೆ ಸೇರಿದರೆ ಇವನು ಮನೆ ಬಿಟ್ಟು ಕಂಬ ಹತ್ತಬೇಕು. ಕೈಗೂಸು ಭೀಮರಾಜನನ್ನು ತಬ್ಬಿಕೊಂಡು ಅವಳು ಈ ಮನೆಯ ಕತ್ತಲಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದಳು. ಹಾಗೆ ಕೂತಿದ್ದವಳನ್ನು ಒಂದು ಮುಂಜಾನೆ ಬಂದು ನೋಡಿದವನು, ಆ ವರ್ಷವೇ ಈ ವೈರಿಂಗ್ ಮಾಡಿದ್ದ. ನಿನಗಾಗಿ ಮಾಡಿದೆ ಎಂದು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಹುಲುಗಮ್ಮ ಬಂದು ಅವನ ಪಕ್ಕದಲ್ಲಿ ನಿಂತಳು.

"ಅದು ಯಾರ ಸಲುವಾಗಿ ಮಾಡಿದ್ರಿ ಅಂತ ನನಗ ಅವತ್ತ ಗೊತ್ತಿತ್ತು. ಆಗ ಕತ್ತಲಾದ್ರ ನೀವು ಕಂಬದ ಮ್ಯಾಲ ಇರ್ತಿದ್ರಿ. ಈಗ ಮನ್ಯಾಗ ಅದೀರಿ. ನನಗ ಇನ್ನೊಂದು ಫೇಸ್ ಯಾಕ್ರಿ?"

ಪಕ್ಕೀರಪ್ಪ ಅವಳ ಮುಖ ನೋಡಲಾರದೆ ಬೋರ್ಡನ್ನೇ ನೋಡಿದ. ಮೇಲಿನ ಕೋಣೆಯ ವೈರು ಬಿಚ್ಚಿ ಕೆಳಗಿನ ಮನೆಯ ಫೇಸಿಗೇ ಹಾಕಿ, ಸ್ಕ್ರೂ ಬಿಗಿ ಮಾಡಿದ. ಮೇನ್ ಎತ್ತಿದಾಗ ಮೇಲಿನ ಕೋಣೆಯ ಅಡಾಪ್ಟರ್ ಹಸಿರಾಗಿತ್ತು.

ಸೋಮವಾರ ಸಮತಾ ಮೇಲೆ ಭಿನ್ನರಾಶಿ ಹೇಳುತ್ತಿದ್ದರೆ ಪಕ್ಕೀರಪ್ಪ ಕೂಸನ್ನು ಎದೆಗೆ ಒರಗಿಸಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ನೆಟ್ಟಿಗೆ ಅಡ್ಡಿಯಾದೀತೆಂದು ಹುಲುಗಮ್ಮ ಮಿಕ್ಸರ್ ಮುಟ್ಟಲಿಲ್ಲ. ಸೊಸೆಯ ದನಿ ಎಲ್ಲೂ ತಡವರಿಸಲಿಲ್ಲ. ಪಾಠ ಮುಗಿದರೂ ಅವಳು ಬಹಳ ಹೊತ್ತು ಇಳಿದು ಬರಲಿಲ್ಲ, ಮೇಲೆ ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತು ನಡೆದಿತ್ತು. ಕೂಸು ನಿದ್ದೆ ಹೋಗಿತ್ತು.

ಇಳಿದು ಬಂದ ಸಮತಾ ಅವನಿಗಿಂತ ಒಂದು ಮೆಟ್ಟಿಲು ಮೇಲೆ ಕೂತು, ಕೂಸಿನ ಕಾಲು ಸವರಿದಳು.

"ಮಾವ, ನಾಳಿಯಿಂದ ದಿನಾ ಈ ಹೊತ್ತಿಗಿ ಇಕಿನ್ನ ನೀವ ಮಲಗಿಸ್ಬೇಕು ನೋಡ್ರಿ."

ಅವಳು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಪಕ್ಕೀರಪ್ಪ ಕೊಡಲಿಲ್ಲ.