ಕಮರುನ್ನೀಸಾ ನಂಬಿದ್ದ ಒಂದೇ ಯಂತ್ರ

ನಾನು ಕಮರುನ್ನೀಸಾ ಅವರನ್ನು ಮೊದಲು ಕಂಡ ದಿನ ಅವರು ನನ್ನ ಮುಖ ನೋಡಲಿಲ್ಲ. ನಾನು ತಂದಿದ್ದ ಯಂತ್ರದ ಸ್ಕ್ರೂಗಳನ್ನು ನೋಡಿದರು.

ಇದು ಮೂರು ವರ್ಷದ ಹಿಂದಿನ ಮಾತು. ಚಿತ್ತಾಪುರದಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ಪ್ರೌಢಶಾಲೆಯಲ್ಲಿ ಒಂದು ಹಳೆಯ ಆಸಿಲೋಸ್ಕೋಪ್ ಇತ್ತು. ವಿದ್ಯುತ್ತಿನ ಏರಿಳಿತವನ್ನು ಗಾಜಿನ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ಯಂತ್ರ ಅದು. ಗುಜರಿಗೆ ಹಾಕುತ್ತಾರೆಂದು ತಿಳಿದು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಆಟೋದಲ್ಲಿ ವಾಡಿ ಪಟ್ಟಣಕ್ಕೆ, ಹಳೆಯ ಯಂತ್ರ ದುರಸ್ತಿ ಮಾಡುವ ಇವರ ಮನೆಗೆ ತಂದಿದ್ದೆ.

“ಇದನ್ನ ಯಾರು ಬಿಚ್ಚ್ಯಾರ್ರಿ?” ಎಂದು ಕೇಳಿದರು.

“ಯಾರೂ ಬಿಚ್ಚಿಲ್ಲಮ್ಮಾ.”

“ಮಾಸ್ತರಾಗಿ ಸುಳ್ಳ ಹೇಳಬ್ಯಾಡ್ರಿ. ಮೂರು ಸ್ಕ್ರೂ ಕಂಪನೀವು. ನಾಕನೇದು ಸೈಕಲ್ ಅಂಗಡೀದು.”

ಇಪ್ಪತ್ತು ವರ್ಷದ ಕೆಳಗೆ ನಾನೇ ಅದನ್ನು ಬಿಚ್ಚಿ ಒಂದು ಸ್ಕ್ರೂ ಕಳೆದಿದ್ದು ಆಗ ನೆನಪಾಯಿತು.

ಶಹಾಬಾದಿನ ಒಂದು ಕಾರ್ಖಾನೆಯಲ್ಲಿ, ಅಳತೆಯ ಉಪಕರಣಗಳನ್ನೇ ಪರೀಕ್ಷಿಸುವ ಕೋಣೆಯಲ್ಲಿ, ಅವರು ಇಪ್ಪತ್ತೆರಡು ವರ್ಷ ದುಡಿದಿದ್ದರು. ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಅಲ್ಲಿನ ಒಂದು ಯಂತ್ರ ಕೊಂಡುಕೊಂಡರು. ಕಂಡೆನ್ಸರ್ ಅಳೆಯುವ ಬ್ರಿಡ್ಜ್ ಅದು. (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ; ನಾವು ಶಾಲೆಯಲ್ಲಿ ಕೆಪ್ಯಾಸಿಟರ್ ಎಂದು ಕಲಿಸುವುದನ್ನೇ ದುರಸ್ತಿಯವರು ಕಂಡೆನ್ಸರ್ ಎನ್ನುತ್ತಾರೆ.) ಗುಂಡಿ ತಿರುಗಿಸುತ್ತ ಹೋದರೆ ಸರಿಯಾದ ಅಂಕಿಯಲ್ಲಿ ಅದರ ಹಸಿರು ದೀಪದ ಕಣ್ಣು ಪೂರ್ತಿ ತೆರೆಯುತ್ತದೆ. ಅದರ ನಾಲ್ಕು ಸ್ಕ್ರೂಗಳ ತಲೆಗೆ ಕಾರ್ಖಾನೆಯ ಕೆಂಪು ಬಣ್ಣ ಹಚ್ಚಿತ್ತು. ಬಣ್ಣ ಒಡೆದಿಲ್ಲವೆಂದರೆ ಒಳಗೆ ಯಾರೂ ಕೈ ಹಾಕಿಲ್ಲವೆಂದು ಅರ್ಥ. ಕಮರುನ್ನೀಸಾ ಲೋಕದಲ್ಲಿ ನಂಬಿದ್ದು ಅದೊಂದನ್ನೇ.

ಹಳೆಯ ಯಂತ್ರಗಳಲ್ಲಿ ಮೊದಲು ಕೆಡುವುದು ಕಂಡೆನ್ಸರ್. ಬದಲಿಗೆ ಹೊಸದನ್ನು ಆರಿಸುವಾಗ ಅವರು ಮೇಲೆ ಬರೆದದ್ದನ್ನು ಓದುತ್ತಿದ್ದರು, ಆದರೆ ನಂಬುತ್ತಿರಲಿಲ್ಲ. ಎಷ್ಟು ವೋಲ್ಟ್ ತಡೆಯುತ್ತದೆ, ಎಷ್ಟು ಶಾಖ ತಾಳುತ್ತದೆ ಎಂದು ನೋಡಿ, ಆಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುತ್ತಿದ್ದರು. ಒಮ್ಮೆ ಹಗುರವೆನಿಸಿದ ಒಂದನ್ನು ಕೊಯ್ದಾಗ, ದೊಡ್ಡ ಡಬ್ಬಿಯೊಳಗೆ ಹತ್ತಿ ತುರುಕಿ ಸಣ್ಣದೊಂದನ್ನು ಕೂಡಿಸಿದ್ದು ಸಿಕ್ಕಿತ್ತಂತೆ. ಆ ಕೊಯ್ದ ಡಬ್ಬಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ನನ್ನ ಆಸಿಲೋಸ್ಕೋಪಿಗೆ ಆರು ದೊಡ್ಡ ಕಂಡೆನ್ಸರ್ ಬೇಕಾದವು. ಕಲಬುರಗಿಯಿಂದ ತಂದೆ. ತೂಕ ಸರಿಯಿತ್ತು, ಆದರೆ ಬ್ರಿಡ್ಜಿನಲ್ಲಿ ನೂರು ಬರಬೇಕಾದಲ್ಲಿ ಎಪ್ಪತ್ತೆರಡು ಬಂತು. ಹೈದರಾಬಾದಿನಿಂದ ತರಿಸಿದೆ. ಮತ್ತೆ ಎಪ್ಪತ್ತೆರಡು.

“ಎಲ್ಲಾ ಕಳ್ಳರು,” ಎಂದರು. “ಸೇಡಂ ಭೀಮಶ್ಯಾನೂ ಹಿಂಗೇ ಕೊಟ್ಟಿದ್ದ.”

ಭೀಮಶ್ಯಾ ಸೇಡಂನಲ್ಲಿ ರೇಡಿಯೋ ಬಿಡಿಭಾಗಗಳ ಅಂಗಡಿಯವನು. ಕಮರುನ್ನೀಸಾರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತ, ಪ್ರತಿ ರಂಜಾನಿಗೆ ಇವರ ಮನೆಯಲ್ಲಿ ಸುರಕುಂಬಾ ಪಾಯಸ ಕುಡಿಯುತ್ತಿದ್ದವನು. ಅದಕ್ಕೂ ನಾಲ್ಕು ವರ್ಷ ಮೊದಲು ಆರು ಗಿರಾಕಿಗಳ ಮುಂದೆ ಹನ್ನೊಂದು ಕಂಡೆನ್ಸರುಗಳನ್ನು ಅವನ ಗಲ್ಲೆಯ ಮೇಲೆ ಎಸೆದು, ಖೋಟಾ ಮಾಲಿನವನು ಎಂದು ಬೈದು ಬಂದಿದ್ದರು. ಅಂದಿನಿಂದ ಶಹಾಬಾದಿನಿಂದ ಚಿಂಚೋಳಿಯವರೆಗೆ ಯಾವ ದುರಸ್ತಿಯವನೂ ಅವನ ಹತ್ತಿರ ಹೋಗಲಿಲ್ಲ. ಅವನು ಮೊಬೈಲ್ ಕವರು ಮಾರಿಕೊಂಡಿದ್ದ.

ನಾನು ಮೆಲ್ಲಗೆ ಹೇಳಿದೆ: “ಇಡೀ ತರಗತಿ ಒಂದೇ ತಪ್ಪು ಉತ್ತರ ಬರೆದರೆ, ನಾನು ಕೊಟ್ಟ ಪ್ರಶ್ನೆಯನ್ನು ಇನ್ನೊಮ್ಮೆ ನೋಡುತ್ತಿದ್ದೆ.”

“ಅಂದ್ರ ನನ್ನ ಬ್ರಿಡ್ಜ್ ಸುಳ್ಳು ಹೇಳ್ತದ ಅಂತೀರಿ? ಸಣ್ಣ ಕಂಡೆನ್ಸರ್ ಎಲ್ಲಾ ಬರೋಬರಿ ತೋರಿಸ್ತದ. ಬಣ್ಣ ನೋಡ್ರಿ, ಬಣ್ಣ!”

ನಾನು ಶಾಲೆಯ ಪ್ರಯೋಗವೊಂದನ್ನು ನೆನಪಿಸಿದೆ. ಕಂಡೆನ್ಸರಿಗೆ ವಿದ್ಯುತ್ತು ತುಂಬಿ, ಗೊತ್ತಿರುವ ಪ್ರತಿರೋಧದ ಮೂಲಕ ಇಳಿಯಬಿಟ್ಟು, ಒಂದು ಗುರುತಿನವರೆಗೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡುವುದು. ನಾವು ಜೋಡಿಸಿದ ಲೆಕ್ಕದಲ್ಲಿ ನಿಜವಾದ ನೂರಕ್ಕೆ ನೂರು ಸೆಕೆಂಡು, ಎಪ್ಪತ್ತೆರಡಕ್ಕೆ ಎಪ್ಪತ್ತೆರಡು. ನನ್ನ ಕೈಗಡಿಯಾರವನ್ನು ನಂಬದೆ ಅವರು ಗೋಡೆ ಗಡಿಯಾರವನ್ನೂ ಇಳಿಸಿಕೊಂಡರು. ತೊಂಬತ್ತೇಳು ಸೆಕೆಂಡು ಆಯಿತು. ಪ್ರತಿರೋಧ ಬದಲಿಸಿ ಮತ್ತೆರಡು ಸಲ ನೋಡಿದರು. ಕಂಡೆನ್ಸರಿನದು ತಪ್ಪಿರಲಿಲ್ಲ.

ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಂಪು ಬಣ್ಣ ಕೆರೆದರು. ಬ್ರಿಡ್ಜಿನೊಳಗೆ ಮೇಣ ಒಸರಿದ ಕಾಗದದ ಕಂಡೆನ್ಸರೊಂದು ಇತ್ತು. ದೊಡ್ಡ ಕಂಡೆನ್ಸರುಗಳನ್ನೆಲ್ಲ ಆ ಯಂತ್ರ ಅದರೊಡನೆ ಹೋಲಿಸಿಯೇ ಅಳೆಯುತ್ತಿತ್ತು. ವಯಸ್ಸಿನಿಂದ ಅದರ ಅಳತೆಯೇ ಹೆಚ್ಚಾಗಿ, ಒಳ್ಳೆಯವೆಲ್ಲ ಕಡಿಮೆಯಾಗಿ ಕಂಡಿದ್ದವು. ಸಣ್ಣವಕ್ಕೆ ಬೇರೆಯೊಂದು ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

“ನೀವೂ ಬರ್ರಿ ಮಾಸ್ತರ, ಸಾಕ್ಷಿಗೆ,” ಎಂದರು. ಮರುದಿನ ಪ್ಯಾಸೆಂಜರ್ ರೈಲಿನಲ್ಲಿ ಸೇಡಂಗೆ ಹೋದೆವು.

ಭೀಮಶ್ಯಾ ಏಳಲಿಲ್ಲ. “ಏನ್ ತೂಗ್ಲಿಕ್ಕ ಬಂದೀರಿ ಆಪಾ? ತಕ್ಕಡಿ ಕಾಣವಲ್ದು?”

ಅವರು ಅಂಗಡಿಯೊಳಗೆ ಕಣ್ಣಾಡಿಸಿದರು. ನಾಲ್ವರು ಗಿರಾಕಿಗಳಿದ್ದರು. “ತಡಿ. ಅವತ್ತು ಆರು ಮಂದಿ ಇದ್ರು. ಇನ್ನಿಬ್ಬರು ಬರ್ಲಿ.”

ನಾವು ಬೆಂಚಿನ ಮೇಲೆ ಕುಳಿತೆವು. ಬಂದವರಲ್ಲಿ ಒಬ್ಬ ಹೊರಟರೆ ಅವನ ತೋಳು ಹಿಡಿದು “ಸ್ವಲ್ಪ ನಿಂದ್ರಪ್ಪಾ” ಎಂದರು. ಆರು ಮಂದಿ ಕೂಡಿದ ಮೇಲೆ ಎದ್ದು ನಿಂತು, “ಈ ಭೀಮಶ್ಯಾಂದು ಖೋಟಾ ಮಾಲಲ್ಲ. ನನ್ನ ಯಂತ್ರ ಖೋಟಾ ಇತ್ತು. ತಪ್ಪು ನಂದು,” ಎಂದರು. ಕವರು ಕೊಳ್ಳಲು ಬಂದವರು ಪಿಳಿಪಿಳಿ ನೋಡಿದರು.

ಭೀಮಶ್ಯಾ ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಂದಿಟ್ಟ. ಅಂದು ಎಸೆದ ಹನ್ನೊಂದೂ ಅದರಲ್ಲಿದ್ದವು. “ಇವತ್ತೇ ಹಾಕ್ರಿ, ಯಾವ ಯಂತ್ರಕ್ಕ ಬೇಕೋ ಅದಕ್ಕ.”

“ನಾಕ ವರ್ಷ ಬಿದ್ದಾವ. ಒಮ್ಮೆಲೇ ಪೂರಾ ವೋಲ್ಟ್ ಕೊಟ್ರ ಸಿಡೀತಾವ. ನಿಧಾನ ಏರಿಸಿ ನೋಡ್ಬೇಕು,” ಎಂದರು ಕಮರುನ್ನೀಸಾ.

“ನೋಡಿದ್ರೇನ್ರಿ ಮಾಸ್ತರ! ಮಾಫಿ ಕೇಳಿ ಒಂದು ಮಿನಿಟ್ ಆಗಿಲ್ಲ, ಮತ್ತ ಸಂಶಯ ಶುರು.” ಆಮೇಲೆ ಭೀಮಶ್ಯಾ ಅವರ ಕಡೆ ತಿರುಗಿ ನಗದೆ ಹೇಳಿದ: “ನಾಳೆ ಮತ್ತ ನಿಮ್ಮ ಯಂತ್ರ ಕೆಟ್ರ, ಮತ್ತ ನಾನೇ ಕಳ್ಳ. ಹೆಂಗ ನಂಬ್ಲಿ?”

ಅದಕ್ಕೆ ಕಮರುನ್ನೀಸಾ ಒಂದು ದಾರಿ ಹೇಳಿದರು. ನಾವು ಮೂವರೂ ಗಡಿಯಾರ ಹಿಡಿದು ಅಳೆದ ಒಂದು ಹೊಸ ಕಂಡೆನ್ಸರ್ ಅವನ ಹತ್ತಿರವೇ ಇರಬೇಕು. ಬ್ರಿಡ್ಜನ್ನು ಅದರಿಂದಲೇ ಪರೀಕ್ಷಿಸಬೇಕು.

ಬ್ರಿಡ್ಜಿನೊಳಗಿನ ಕೆಟ್ಟ ಕಂಡೆನ್ಸರನ್ನು ಬದಲಿಸಿದ್ದಾಯಿತು, ಈಗ ಅದೇ ನಡೆದಿದೆ. ಹನ್ನೊಂದರಲ್ಲಿ ಆರು ನಮ್ಮ ಶಾಲೆಯ ಆಸಿಲೋಸ್ಕೋಪಿನಲ್ಲಿವೆ, ಗೆರೆ ಚೆನ್ನಾಗಿ ಮೂಡುತ್ತದೆ. ಕಮರುನ್ನೀಸಾ ಈಗ ಆದಿತ್ಯನಗರದಿಂದ ಬಂದ ಹಳೆಯ ವೋಲ್ಟ್‌ಮೀಟರೊಂದನ್ನು ಬಿಚ್ಚಿಕೊಂಡಿದ್ದಾರೆ. ತಿಂಗಳ ಮೊದಲ ಭಾನುವಾರ ಭೀಮಶ್ಯಾ ಆ ಕಂಡೆನ್ಸರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಾನೆ. ಬ್ರಿಡ್ಜಿನ ಸ್ಕ್ರೂಗಳಿಗೆ ಈಗಿರುವುದು ಅವನು ಹಚ್ಚಿದ ನೀಲಿ ಬಣ್ಣ. ಒಡೆದಿದೆಯೇ ಎಂದು ಮೊದಲು ಅದನ್ನು ನೋಡುತ್ತಾನೆ. ಅವನು ಮಾರಲು ತಂದ ಮಾಲನ್ನು ಕಮರುನ್ನೀಸಾ ಈಗಲೂ ತೂಗುತ್ತಾರೆ.

“ಮಳಿ ಬರಂಗದ, ಆ ಕಂಡೆನ್ಸರ್ ಇಲ್ಲೇ ಇಟ್ಟು ಹೋಗು,” ಎಂದು ಕಳೆದ ಸಲ ಹೇಳಿದರು.

“ಇಟ್ಟು ಹೋಗ್ಲಿ, ನೀವು ಬದಲಿ ಮಾಡ್ಲಿಕ್ಕ?” ಎನ್ನುತ್ತ ಭೀಮಶ್ಯಾ ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು, ಇನ್ನೊಂದು ಕಪ್ ಚಹಾಕ್ಕೆ ಕೈ ಚಾಚಿದ.