ಅತ್ತೆಯ ಕರ್ಜಿಕಾಯಿಯ ಹದ

ಅತ್ತೆಯ ಬಲಗೈ ಹೆಬ್ಬೆರಳು ನೆಟ್ಟಗಿರಲಿಲ್ಲ. ಹರೆಯದಲ್ಲಿ ಮೀನು ಕೊಯ್ಯುವಾಗ ಕತ್ತಿ ತಾಗಿ, ಗಾಯ ಮಾಗುವ ಹೊತ್ತಿಗೆ ಬೆರಳಿನ ತುದಿ ಒಳಕ್ಕೆ ಬಾಗಿಕೊಂಡಿತ್ತಂತೆ. ಕರ್ಜಿಕಾಯಿಯ ಅಂಚು ಮಡಚಲಿಕ್ಕೆ ಅಂಥ ಬೆರಳೇ ಬೇಕೇನೋ ಅನ್ನುವ ಹಾಗೆ ಅದು ಕೆಲಸ ಮಾಡುತ್ತಿತ್ತು. ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿಯವರೆಗೆ ಹಗ್ಗ ಹೊಸೆದಂತೆ ಮಡಿಕೆಗಳು. ಎಣ್ಣೆಗೆ ಬಿಟ್ಟರೆ ಅವರದ್ದು ಒಂದೂ ಬಾಯಿ ಬಿಡುತ್ತಿರಲಿಲ್ಲ. ನನ್ನದು ಬಿಡುತ್ತಿತ್ತು. ಆಗ ಅವರು ಒಡೆದದ್ದನ್ನು ಜಾಲರಿಯಲ್ಲಿ ಎತ್ತಿ ನನ್ನ ತಟ್ಟೆಗೇ ಹಾಕುತ್ತಿದ್ದರು.

ನಾನು ಕಡಲು ಕಾಣದ ಹಾಲಾಡಿ ಕಡೆಯವಳು. ಮದುವೆಯಾಗಿ ಉಪ್ಪುಂದಕ್ಕೆ ಬಂದಾಗ ನನಗೆ ಮೀನಿನ ಹೆಸರುಗಳೇ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆ ಬೆಳಿಗ್ಗೆ ಕಡಲ ಬದಿಯ ಹರಾಜಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಬೈಂದೂರಿನ ಮಾರ್ಕೆಟ್ಟಿಗೆ ಹೋಗುವವರು. ಬುಟ್ಟಿಯ ಮೇಲೆ ಒಮ್ಮೆ ಬಗ್ಗಿದರೆ ಸಾಕು, ಮೀನು ಇವತ್ತಿನದೋ ನಿನ್ನೆಯದೋ ಅವರ ಮೂಗಿಗೆ ಗೊತ್ತಾಗುತ್ತಿತ್ತು. ಅವರು ಕೊಟ್ಟದ್ದನ್ನು ಗಿರಾಕಿಗಳು ತಿರುಗಿಸಿ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲೂ ಅವರದ್ದೇ ಮಾತು. ನಾನು ಹೆಚ್ಚು ಮಾತಿನವಳಲ್ಲ. ಊಟಕ್ಕೆ ಬನ್ನಿ, ನೀರು ಕಾದಿದೆ, ಇಷ್ಟರಲ್ಲೇ ನಮ್ಮಿಬ್ಬರ ದಿನಗಳು ಕಳೆಯುತ್ತಿದ್ದವು.

ಚೌತಿಯ ಕರ್ಜಿಕಾಯಿ ಅವರ ಅಮ್ಮನಿಂದ ಬಂದದ್ದು. ಬೇರೆಯವರು ಹೂರ್ಣಕ್ಕೆ ಹುರಿಗಡಲೆ ಪುಡಿ ಹಾಕಿದರೆ ಇವರು ಹಾಕುವುದು ಹುರಿದ ಕುಚ್ಚಲಕ್ಕಿಯ ಪುಡಿ. ಅದಕ್ಕೆ ಒಣಕೊಬ್ಬರಿ, ಎಳ್ಳು, ಬೆಲ್ಲ, ಏಲಕ್ಕಿ. ಕಷ್ಟವಿದ್ದದ್ದು ಅಕ್ಕಿ ಹುರಿಯುವುದರಲ್ಲಿ. ಕುಚ್ಚಲಕ್ಕಿ ಮೊದಲೇ ಕೆಂಪು, ಹುರಿದದ್ದು ಬಣ್ಣದಿಂದ ತಿಳಿಯುವುದಿಲ್ಲ. ಸ್ವಲ್ಪ ಮುಂಚೆ ಇಳಿಸಿದರೆ ಹಸಿ ಹಿಟ್ಟಿನ ರುಚಿ, ಒಂದು ಗಳಿಗೆ ತಡವಾದರೆ ಕಹಿ. ಪರಿಮಳದಿಂದಲೇ ಹದ ಹಿಡಿಯಬೇಕು. ಆ ಕೆಲಸಕ್ಕೆ ಅವರು ನನ್ನನ್ನು ಒಲೆಯ ಹತ್ತಿರ ಬಿಟ್ಟವರಲ್ಲ. ಕಣಕ ನಾದುವುದು, ಲಟ್ಟಿಸುವುದು ನನ್ನ ಪಾಲಿಗೆ.

ಊರಿಗೆಲ್ಲ ಜ್ವರ ಹಬ್ಬಿ ಮಾರ್ಕೆಟ್ಟು ಮುಚ್ಚಿದ ವರ್ಷ ಅತ್ತೆಗೂ ಅದು ಬಂತು. ಕೋಣೆಯಲ್ಲಿ ಒಬ್ಬರೇ ಮಲಗಿ, ಬಾಗಿಲ ಹೊರಗೆ ನಾನಿಟ್ಟ ಗಂಜಿ ಕುಡಿದು ಎದ್ದರು. ಮಾರ್ಕೆಟ್ಟು ತೆರೆದ ಕೂಡಲೇ ಬುಟ್ಟಿ ಎತ್ತಿಕೊಂಡು ಹೊರಟರು. ಎಲ್ಲ ಮೊದಲಿನಂತೆಯೇ ಇದೆ ಎಂದುಕೊಂಡೆವು.

ಆ ಸಲದ ಚೌತಿ ಜ್ವರದಲ್ಲೇ ಕಳೆದುಹೋಗಿತ್ತು. ಮರುವರ್ಷ ಚೌತಿಗೆ ಮುಂಚಿನ ದಿನ ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಓಡಿ ಬಂದು ನೋಡಿದರೆ ಬಾಣಲೆಯಲ್ಲಿ ಅಕ್ಕಿ ಕಪ್ಪಾಗಿ ಹೊಗೆ ಏಳುತ್ತಿದೆ. ಅತ್ತೆ ಅದರ ಮುಂದೆಯೇ ನಿಂತು, ಕಿಟಕಿಯಾಚೆ ನೋಡುತ್ತ, ಸಟ್ಟುಗ ಆಡಿಸುತ್ತಿದ್ದಾರೆ. ನಾನು ಒಲೆ ಆರಿಸಿದೆ. ಅವರು ಬಾಣಲೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಣೆ ಎಳೆದುಕೊಂಡು ಕೂತರು.

“ಮೂಗಿಗೆ ಎಂತದೂ ಗೊತ್ತಾತಿಲ್ಲ ಹೆಣ್ಣೇ” ಅಂದರು. “ಜ್ವರ ಬಂದಲ್ಲಿಂದ ಹಾಂಗೇ. ಯಾರ ಹತ್ರವೂ ಹೇಳ್ಬೇಡ.”

ಅಷ್ಟು ದಿನ ಅವರು ಹೇಗೆ ವ್ಯಾಪಾರ ಮಾಡಿದ್ದರು ಎಂದು ಆಗ ತಿಳಿಯಿತು. ಕಿವಿರು ಬಿಡಿಸಿ ಬಣ್ಣ ನೋಡುವುದು, ಬೆರಳಲ್ಲಿ ಒತ್ತಿ ಮಾಂಸ ಗಟ್ಟಿಯಿದೆಯೇ ನೋಡುವುದು. ಸಂಶಯ ಬಂದರೆ ಕೊಳ್ಳುತ್ತಲೇ ಇರಲಿಲ್ಲ. ಬುಟ್ಟಿ ಅರ್ಧ ತುಂಬಿ ಬಂದ ದಿನಗಳಿದ್ದವು. ಮೀನು ಮಾರುವವಳಿಗೆ ಮೂಗಿಲ್ಲ ಎಂದು ಗೊತ್ತಾದರೆ ಯಾರು ಕೊಳ್ಳುತ್ತಾರೆ ಎಂಬ ಹೆದರಿಕೆಯನ್ನು ಅವರು ಒಬ್ಬರೇ ನುಂಗಿಕೊಂಡಿದ್ದರು. ಹೆದರಿಕೆ ಎಂಬುದು ಅವರಿಗೂ ಇರಬಹುದು ಎಂದು ನನಗೆ ಅದುವರೆಗೆ ಅನಿಸಿರಲಿಲ್ಲ.

ಈ ವರ್ಷ ಕರ್ಜಿಕಾಯಿ ಬೇಡ, ಪಾಯಸ ಸಾಕು ಎಂದೆ. ಅವರು ಒಪ್ಪಲಿಲ್ಲ. ಬಾಣಲೆ ತಿಕ್ಕಿ ಮತ್ತೆ ಒಲೆಗಿಟ್ಟು, ಹೊಸ ಅಕ್ಕಿ ಹಾಕಿ, ನನ್ನನ್ನು ಪಕ್ಕಕ್ಕೆ ಕರೆದರು. ಹುರಿಯುವುದು ಅವರು, ವಾಸನೆ ಹೇಳುವುದು ನಾನು.

“ಈಗ ಎಂತ ವಾಸ್ನೆ ಬತ್ತ್?”

ಬಾಣಲೆಯ ಮೇಲೆ ಬಗ್ಗಿದೆ. ವಾಸನೆಯನ್ನು ಹೇಗೆ ಹೇಳುವುದು? ಒದ್ದೆ ಗೋಣಿಚೀಲದ ಹಾಗೆ ಎಂದೆ. ಅವರು ತಲೆ ಆಡಿಸಿ ಹುರಿಯುತ್ತಲೇ ಇದ್ದರು. ಮತ್ತೆ ಕೇಳಿದರು. ಬಿಸಿಲಿಗೆ ಹಾಕಿದ ಬೈಹುಲ್ಲಿನದು ಎಂದೆ. ಇನ್ನೂ ಸ್ವಲ್ಪ ಹೊತ್ತು. ಅಕ್ಕಿ ಚಿಟಪಟ ಎನ್ನತೊಡಗಿತು. ಗಂಜಿ ಇನ್ನೇನು ತಳ ಹಿಡಿಯಬೇಕು, ಆದರೆ ಹಿಡಿದಿಲ್ಲ, ಆಗ ಬರುತ್ತದಲ್ಲ ಅಂಥದ್ದು, ಎಂದೆ.

“ಅದೇ. ಇಳ್ಸ್” ಅಂದರು.

ಮುಖದಲ್ಲಿ ನಗು ಇತ್ತು. ತಮ್ಮ ಅಮ್ಮ ಕೂಡ ಇದಕ್ಕೊಂದು ಮಾತು ಹೇಳುತ್ತಿದ್ದರು, ಏನೆಂದು ಮರೆತುಹೋಗಿದೆ, ಇನ್ನು ಮೇಲೆ ನಿನ್ನದೇ ಮಾತು ಇರಲಿ ಎಂದರು. ಅವತ್ತು ಕರ್ಜಿಕಾಯಿ ತಿಂದ ನನ್ನ ಗಂಡ, ಅಮ್ಮನ ಕೈ ಒಂದು ದಿನವೂ ತಪ್ಪುವುದಿಲ್ಲ ಎಂದ. ಅತ್ತೆ ಅವನನ್ನು ತಿದ್ದಲಿಲ್ಲ. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಅವರನ್ನು ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಾಸನೆ ತಿಳಿಯುವುದು ಮತ್ತೆ ಬಂದರೆ ಬಂತು, ಬಾರದಿದ್ದರೆ ಇಲ್ಲ, ದಿನಾ ಲವಂಗ, ನಿಂಬೆಹಣ್ಣು ಮೂಸಿ ನೋಡಿ ಎಂದರು. ಅತ್ತೆ ಕೆಲವು ದಿನ ಮೂಸಿದರು, ಆಮೇಲೆ ಆ ಲವಂಗವನ್ನು ಸಾರಿಗೆ ಹಾಕಿದರು. ಅದರ ಬದಲಿಗೆ ನನ್ನನ್ನು ಕೇಳುವ ಅಭ್ಯಾಸ ಹತ್ತಿತು. ಸಂಜೆ ಬಂದು ಕಾಲು ತೊಳೆಯುತ್ತಲೇ ಒಲೆಯ ಮೇಲೆ ಏನಿದೆ, ಹೇಗಿದೆ ಎಂದು ಕೇಳುವರು. ಮೊದಲ ಮಳೆ ಬಿದ್ದ ದಿನ ಜಗಲಿಯಲ್ಲಿ ಕೂತು, ಮಣ್ಣು ವಾಸನೆ ಬರುತ್ತಿದೆಯೇ ಎಂದರು. ಒಂದು ಭಾನುವಾರ ನನ್ನ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿ, ಅವಳ ನೆತ್ತಿಗೆ ಮೂಗು ಒತ್ತಿ ಕೂತಿದ್ದರು. ಹೇಳು ಎಂಬಂತೆ ನನ್ನತ್ತ ನೋಡಿದರು. ಸೀಗೆಪುಡಿಯದು, ಮತ್ತೆ ಹಾಲು ಕಾಯುವಾಗಿನದು, ಎಂದೆ. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಹೀಗೆ ನನಗೆ ಆ ಮನೆಯಲ್ಲಿ ಮಾತು ಬಂತು. ವಾಸನೆಯಿಂದ ಶುರುವಾದದ್ದು ನನ್ನ ತವರು, ಅವರ ಹರೆಯ, ಕಡಲಿಗೆ ಹೋಗಿ ತಡವಾಗಿ ಬರುತ್ತಿದ್ದ ಮಾವನಿಗಾಗಿ ಅವರು ಕಾದ ಸಂಜೆಗಳು, ಎಲ್ಲಕ್ಕೂ ಹಬ್ಬಿತು.

ಹೋದ ಬೇಸಿಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಅತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಸಾವಾದ ಮನೆಯಲ್ಲಿ ಆ ವರ್ಷದ ಚೌತಿಗೆ ಎಣ್ಣೆ ಕಾಯಿಸುವಂತಿಲ್ಲ. ಹಬ್ಬದ ಹಿಂದಿನ ದಿನ ನಾನು ಸುಮ್ಮನೆ ಜಗಲಿಯಲ್ಲಿ ಕೂತಿದ್ದಾಗ ಮಾರ್ಕೆಟ್ಟಿನಲ್ಲಿ ಅತ್ತೆಯ ಪಕ್ಕ ಕೂತು ಮೀನು ಮಾರುತ್ತಿದ್ದ ಹೆಂಗಸು ಬಂದರು. ಕೈಯಲ್ಲಿ ಮುಚ್ಚಳದ ಡಬ್ಬಿ. ಅದರಲ್ಲಿ ಹುರಿದ ಕುಚ್ಚಲಕ್ಕಿ, ಇನ್ನೂ ಬೆಚ್ಚಗಿತ್ತು. ಅತ್ತೆ ಇರುವಾಗಲೇ ಆಕೆಗೆ ಹೂರ್ಣದ ಲೆಕ್ಕ ಹೇಳಿಕೊಟ್ಟಿದ್ದರಂತೆ. ಅಕ್ಕಿಯ ಹದ ಮಾತ್ರ ನನ್ನ ಸೊಸೆಯ ಹತ್ತಿರವೇ ಕೇಳಬೇಕು ಎಂದಿದ್ದರಂತೆ.

ಹಾಗಾದರೆ ಅವರ ಮೂಗಿನ ವಿಷಯ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

“ಮಾರ್ಕೆಟ್ಟಿಗೆಲ್ಲ ಗೊತ್ತಿತ್ತ್. ಆಮೇಲೆ ಅವ್ರೇ ಹೇಳಿದ್ರಲೆ” ಅಂದರು ಆಕೆ. “ಯಾರಾದ್ರೂ ತಮಾಷಿ ಮಾಡಿರೆ, ನನ್ನ ಮೂಗ್ ಎಲ್ಲೂ ಹೋಯ್ಲಿಲ್ಲ, ಮನಿಯೊಳ್ಗೇ ಇತ್ತ್, ಅಂತಿದ್ರ್.”

ನಾನು ಡಬ್ಬಿಯ ಮೇಲೆ ಬಗ್ಗಿದೆ. ಅಕ್ಕಿ ಇನ್ನೂ ಬೈಹುಲ್ಲಿನ ವಾಸನೆ ದಾಟಿರಲಿಲ್ಲ. ಇನ್ನೊಂದು ಸ್ವಲ್ಪ ಹುರಿಯಬೇಕು ಎಂದು ಹೇಳಿ, ಕಣ್ಣು ಒರೆಸಿಕೊಂಡು, ಅವರ ಜೊತೆಗೇ ಅವರ ಮನೆಯ ಒಲೆಯ ಹತ್ತಿರ ಹೋದೆ.